ಚೇಳಿನ ಪಾಠ ಕಲಿಸಿದ ಮೇಷ್ಟ್ರು

ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವನು. ಓದು ಕರ್ನಾಟಕದಲ್ಲಿ, ಅನ್ನ ಛತ್ರಪತಿ ಸಂಭಾಜಿನಗರದಲ್ಲಿ. ಇಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಮೆಡಿಸಿನ್ ವಿಭಾಗದ ಪ್ರಾಧ್ಯಾಪಕ. ಊರಿಗೆ ಹೋದಾಗ ಯಾರಾದರೂ, ‘ನೀವು ಯಾವುದರ ಡಾಕ್ಟರು?’ ಎಂದು ಕೇಳುತ್ತಾರೆ. ‘ಮೆಡಿಸಿನ್’ ಎಂದರೆ, ‘ಅದು ಎಲ್ಲಾ ಡಾಕ್ಟರೂ ಕೊಡೋದೇ ಅಲ್ಲವೇನ್ರೀ’ ಎಂದು ನಗುತ್ತಾರೆ. ತಪ್ಪೇನಿಲ್ಲ. ಹೃದಯದವರು, ಮೂಳೆಯವರು, ಕಣ್ಣಿನವರು ಎಂದರೆ ಜನರಿಗೆ ತಕ್ಷಣ ಅರ್ಥವಾಗುತ್ತದೆ. ಇಂಟರ್ನಲ್ ಮೆಡಿಸಿನ್ ಎಂದರೆ ಹಾಗೆ ತೋರಿಸಲು ಒಂದು ಅಂಗವಿಲ್ಲ. ಕತ್ತಿ ಹಿಡಿಯದೆ, ಇಡೀ ಮನುಷ್ಯನನ್ನು ಕೂರಿಸಿಕೊಂಡು ಕೇಳಿ, ನೋಡಿ, ಮುಟ್ಟಿ ರೋಗ ಹುಡುಕುವ ವಿದ್ಯೆ ಇದು. ಜ್ವರ, ಕಾಮಾಲೆ, ಸಕ್ಕರೆ ಕಾಯಿಲೆ, ಲಕ್ವ, ಹಾವು ಕಡಿತ, ಕೀಟನಾಶಕ ಕುಡಿದವರು, ಚೇಳು ಕುಟುಕಿದವರು ಎಲ್ಲರೂ ನಮ್ಮ ವಾರ್ಡಿಗೇ ಬರುತ್ತಾರೆ.

ಈ ಅಂಕಣದಲ್ಲಿ ಮೆಡಿಸಿನ್ ಪ್ರಾಧ್ಯಾಪಕನ ಬದುಕಿನ ಬಗ್ಗೆ ಬರೆಯಬೇಕು ಎಂದಾಗ, ನನ್ನ ಕಥೆಗಿಂತ ಹೆಚ್ಚು ಬೆಲೆಯುಳ್ಳ ಒಬ್ಬರ ಕಥೆ ನೆನಪಾಯಿತು. ಅವರು ಹುಟ್ಟಿದ್ದು ಇದೇ ಮರಾಠವಾಡಾದ ಮಣ್ಣಿನಲ್ಲಿ. ಎಂ.ಡಿ. ಮಾಡಿದ್ದು ಇದೇ ಮೆಡಿಸಿನ್‌ನಲ್ಲಿ. ಹೆಸರು ಮಾಡಿದ್ದು ಯಾವ ಕಾಲೇಜಿನ ಪ್ರಾಧ್ಯಾಪಕರ ಕುರ್ಚಿಯಿಂದಲೂ ಅಲ್ಲ. ಆದರೂ ಅವರು ಕಲಿಸಿದ ಒಂದು ಪಾಠವನ್ನು ಇಂದು ಸಂಭಾಜಿನಗರದಲ್ಲಿ ನಾನು ಹೇಳಿಕೊಡುತ್ತೇನೆ, ನಾಸಿಕ್‌ನ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಉತ್ತರಿಸುತ್ತಾರೆ, ನಮ್ಮ ಬಳ್ಳಾರಿ, ರಾಯಚೂರು, ಕಲಬುರಗಿಯ ವೈದ್ಯರೂ ಅದನ್ನೇ ಬಳಸುತ್ತಾರೆ. ಅವರು ಡಾ. ಹಿಮ್ಮತ್‌ರಾವ್ ಬಾವಸ್ಕರ್.

ಕುರ್ಚಿಯ ದಾರಿ

ಮೊದಲು ಕುರ್ಚಿಯ ಬಗ್ಗೆ ನಾಲ್ಕು ಮಾತು. ಎಂಬಿಬಿಎಸ್ ಮತ್ತು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಎಂ.ಡಿ. ಮೂರು ವರ್ಷ. ಸೀನಿಯರ್ ರೆಸಿಡೆಂಟ್ ಆಗಿ ಒಂದು ವರ್ಷ. ಸಹಾಯಕ ಪ್ರಾಧ್ಯಾಪಕನಾಗಿ ನಾಲ್ಕು, ಸಹ ಪ್ರಾಧ್ಯಾಪಕನಾಗಿ ಮೂರು ವರ್ಷ. ಜೊತೆಗೆ ಸಂಶೋಧನಾ ಲೇಖನಗಳು. ಎಲ್ಲೂ ಎಡವದೆ ನಡೆದರೂ ಕಾಲೇಜು ಮೆಟ್ಟಿಲು ಹತ್ತಿದ ದಿನದಿಂದ ಪ್ರಾಧ್ಯಾಪಕ ಎನಿಸಿಕೊಳ್ಳಲು ಹದಿನಾರು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಜೊತೆಗೆ ಓದಿದವರು ಸ್ವಂತ ಆಸ್ಪತ್ರೆ ಕಟ್ಟಿರುತ್ತಾರೆ.

ಈ ಊರಿಗೂ ನಮಗೂ ನಂಟು ಹಳೆಯದು. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಮತ್ತು ಆಗಿನ ಔರಂಗಾಬಾದ್ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳು. ರಾಜ್ಯ ಒಡೆದು ನಾವು ಆ ಕಡೆ, ಇವರು ಈ ಕಡೆ ಆದ ಅದೇ 1956ರಲ್ಲಿ ಇಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದರ ಆಸ್ಪತ್ರೆಯನ್ನು ಜನ ಇಂದಿಗೂ ‘ಘಾಟಿ’ ಎಂದೇ ಕರೆಯುತ್ತಾರೆ. ಜಾಲ್ನಾ, ಬೀಡ್, ಪರಭಣಿ ಕಡೆಯ ಹಳ್ಳಿಗಳಿಂದ ರೋಗಿಗಳು ಬಸ್ಸು, ಟೆಂಪೊ, ಆಂಬುಲೆನ್ಸ್ ಹಿಡಿದು ಬರುವುದು ಅಲ್ಲಿಗೇ. ದಖ್ಖನಿ ಉರ್ದು ಬೆರೆತ ಮಾತು, ಜೋಳದ ರೊಟ್ಟಿ, ಎಣಗಾಯಿ, ಬೇಸಿಗೆಯ ಬಿಸಿಲು ಎಲ್ಲವೂ ನನಗೆ ಊರಿನಂತೆಯೇ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿಂದ ಸುಮಾರು 200 ಕಿ.ಮೀ. ದೂರದ ನಾಸಿಕ್ ಮಹಾರಾಷ್ಟ್ರದ ವೈದ್ಯ ಶಿಕ್ಷಣದ ಕೇಂದ್ರ. 1998ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಚೇರಿ ಅಲ್ಲಿನ ಮ್ಹಸರೂಳದಲ್ಲಿದೆ. ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಇದ್ದಂತೆ ಇಲ್ಲಿ ಇದು. ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಪದವಿ ಎಲ್ಲಕ್ಕೂ ನಾಸಿಕ್ ಕಡೆಗೇ ಮುಖ. 2021ರಲ್ಲಿ ಇದರ ಕುಲಪತಿಯಾದ ನಿವೃತ್ತ ಲೆಫ್ಟಿನೆಂಟ್ ಜನರಲ್ ಮಾಧುರಿ ಕಾನಿಟ್ಕರ್ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ ಎಂಬುದನ್ನು ಹೊರನಾಡ ಕನ್ನಡಿಗರಾದ ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳಿಕೊಳ್ಳಬಹುದು. ಅವರೂ ಬೋಧಕ ವೈದ್ಯರೇ. ಮಕ್ಕಳ ಮೂತ್ರಪಿಂಡ ರೋಗಗಳ ತಜ್ಞೆ, ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನ ಡೀನ್ ಆಗಿದ್ದವರು.

ಕಾಲೇಜು, ವಿಶ್ವವಿದ್ಯಾಲಯ, ಕುರ್ಚಿ ಎಲ್ಲ ಇದ್ದೂ ನಮಗೆ ಗೊತ್ತಿರದಿದ್ದ ಒಂದು ಉತ್ತರವನ್ನು ಹುಡುಕಿಕೊಟ್ಟದ್ದು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ.

ದೇಹೆಡದಿಂದ ಬಿರವಾಡಿಗೆ

ಬಾವಸ್ಕರ್ ಹುಟ್ಟಿದ್ದು 1951ರಲ್ಲಿ, ಭೋಕರದನ ತಾಲ್ಲೂಕಿನ ದೇಹೆಡ ಎಂಬ ಹಳ್ಳಿಯಲ್ಲಿ. ಈಗ ಅದು ಜಾಲ್ನಾ ಜಿಲ್ಲೆ. 1981ರಲ್ಲಿ ಜಾಲ್ನಾ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಔರಂಗಾಬಾದ್ ಜಿಲ್ಲೆಯದೇ ಭಾಗ. ಮಳೆ ಬಂದರೆ ಹೊಲ, ಬಾರದಿದ್ದರೆ ಕೂಲಿ ಎನ್ನುವ ನಾಡು. ಬಡ ರೈತ ಕುಟುಂಬ. ಸಣ್ಣಪುಟ್ಟ ಕೆಲಸ ಮಾಡಿಕೊಂಡೇ ಶಾಲೆ ಓದಿದ ಹುಡುಗ ನಾಗಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿ ಸರ್ಕಾರಿ ಸೇವೆಗೆ ಸೇರಿದರು.

1976ರಲ್ಲಿ ಅವರು ಹೋದದ್ದು ಕೊಂಕಣಕ್ಕೆ. ಆಗ ಕೊಲಾಬಾ ಎಂದು ಕರೆಯುತ್ತಿದ್ದ ಈಗಿನ ರಾಯಗಡ ಜಿಲ್ಲೆಯ ಮಹಾಡ್ ಬಳಿಯ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರ. ಮಹಾಡ್ ಎಂದರೆ ಅಂಬೇಡ್ಕರ್ 1927ರಲ್ಲಿ ಚವದಾರ ಕೆರೆಯ ಸತ್ಯಾಗ್ರಹ ನಡೆಸಿದ ಊರು. ಬರದ ಬಯಲಿನಲ್ಲಿ ಬೆಳೆದವನಿಗೆ ಸಹ್ಯಾದ್ರಿಯ ಬುಡದ ಕೆಂಪು ಜಂಬಿಟ್ಟಿಗೆ ಕಲ್ಲು, ಭತ್ತದ ಗದ್ದೆ, ಬಿಡದ ಮಳೆ ಎಲ್ಲವೂ ಹೊಸದು. ಮಾತು ಮರಾಠಿಯೇ ಆದರೂ ಅಲ್ಲಿನ ಧಾಟಿ ಬೇರೆ. ಹಾಗೆ ನೋಡಿದರೆ ಅವರೂ ನಮ್ಮಂತೆ ಊರು ಬಿಟ್ಟು ಕೆಲಸಕ್ಕೆ ಹೋದವರೇ.

ಅಲ್ಲಿ ಅವರಿಗೆ ಎದುರಾದದ್ದು ಕೆಂಪು ಚೇಳು.

ಸಣ್ಣ ಚೇಳು, ದೊಡ್ಡ ಸಾವು

ಚೇಳು ಎಂದರೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ದೊಡ್ಡ ಕಪ್ಪು ಚೇಳಿನದು. ಅದು ನೋಡಲು ಭಯಂಕರ, ಆದರೆ ಅದರ ವಿಷ ಜೀವಕ್ಕೆ ಅಷ್ಟು ಕುತ್ತಲ್ಲ. ಅಪಾಯವಿರುವುದು ಕೈಬೆರಳಿನಷ್ಟುದ್ದದ, ಕಂದುಗೆಂಪು ಬಣ್ಣದ ಸಣ್ಣ ಚೇಳಿನಲ್ಲಿ. ಕೊಂಕಣದಲ್ಲಷ್ಟೇ ಅಲ್ಲ, ಮರಾಠವಾಡಾ, ಕರ್ನಾಟಕ, ಆಂಧ್ರ, ತಮಿಳುನಾಡಿನಲ್ಲೂ ಅದಿದೆ. ಕಲ್ಲಿನ ಸಂದಿ, ಸೌದೆ ರಾಶಿ, ಹುಲ್ಲಿನ ಬಣವೆ, ಬಾಗಿಲ ಬಳಿ ಬಿಟ್ಟ ಚಪ್ಪಲಿಯೊಳಗೆ ಸೇರಿಕೊಂಡಿರುತ್ತದೆ. ಬೇಸಿಗೆಯ ಕೊನೆಯಲ್ಲಿ ಮತ್ತು ಮಳೆ ಹಿಂದೆ ಸರಿಯುವಾಗ ಅದರ ಕಾಟ ಹೆಚ್ಚು.

ಆ ದಿನಗಳಲ್ಲಿ ಆಸ್ಪತ್ರೆಗಳಲ್ಲೂ ಚೇಳು ಕಡಿತವೆಂದರೆ ನೋವಿನ ಸಮಸ್ಯೆ. ಕುಟುಕಿದ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು, ಅಲರ್ಜಿಯ ಔಷಧ, ಸ್ಟೆರಾಯ್ಡ್, ಕೆಲವೊಮ್ಮೆ ಅಟ್ರೋಪಿನ್. ಕೆಲವರು ಎದ್ದು ಮನೆಗೆ ಹೋಗುತ್ತಿದ್ದರು. ಕೆಲವರು, ಅದರಲ್ಲೂ ಮಕ್ಕಳು, ಕೆಲವೇ ಗಂಟೆಗಳಲ್ಲಿ ಏದುಸಿರು ಬಿಡುತ್ತಾ, ಬಾಯಿಂದ ನೊರೆ ಕಾರುತ್ತಾ ಸಾಯುತ್ತಿದ್ದರು. ಏಕೆ ಎಂದು ಅಲ್ಲಿ ಯಾರೂ ಕೂತು ನೋಡಿರಲಿಲ್ಲ.

ಬಾವಸ್ಕರ್ ಕೂತು ನೋಡಿದರು. ಪ್ರಾಧ್ಯಾಪಕನ ಕೆಲಸ ಎಂದು ನಾನು ತಿಳಿದಿರುವುದು ಇದನ್ನೇ. ರೋಗಿಯ ಪಕ್ಕ ರಾತ್ರಿಯಿಡೀ ಕೂತು, ಎಷ್ಟು ಹೊತ್ತಿಗೆ ವಾಂತಿ ಆಯಿತು, ಯಾವಾಗ ಬೆವರು ಬಂತು, ಯಾವಾಗ ಬಿ.ಪಿ. ಏರಿತು, ಯಾವಾಗ ಇಳಿಯಿತು, ಯಾವಾಗ ಎದೆಯಲ್ಲಿ ನೀರಿನ ಸದ್ದು ಕೇಳಿಸಿತು ಎಂದು ಗಂಟೆ ಗಂಟೆಗೆ ಬರೆದಿಡುವುದು. ಎಕೊ ಯಂತ್ರವಿಲ್ಲ, ತೀವ್ರ ನಿಗಾ ಘಟಕವಿಲ್ಲ. ಬಿ.ಪಿ. ಪಟ್ಟಿ, ಸ್ಟೆತೊಸ್ಕೋಪ್, ಕೈ, ಕಣ್ಣು ಮತ್ತು ಒಂದು ನೋಟ್‌ಪುಸ್ತಕ.

ಬರೆದಿಟ್ಟದ್ದನ್ನು ಜೋಡಿಸಿದಾಗ ಒಂದು ಕ್ರಮ ಕಾಣಿಸಿತು. ಮೊದಲು ವಾಂತಿ, ಮೈತುಂಬ ಬೆವರು. ಗಂಡು ಮಕ್ಕಳಲ್ಲಿ ಕಾರಣವಿಲ್ಲದೆ ಜನನಾಂಗ ನಿಮಿರುವುದು. ಕೈಕಾಲು ಮಂಜಿನಂತೆ ತಣ್ಣಗಾಗುವುದು. ಬಿ.ಪಿ. ಏರುವುದು. ಆಮೇಲೆ ಹೃದಯ ಸೋಲುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಅಂದರೆ ಆರಂಭದ ಈ ಲಕ್ಷಣಗಳೇ ಮುಂದೆ ಬರುವ ಹೃದಯ ವೈಫಲ್ಯಕ್ಕೆ ಮುನ್ಸೂಚನೆ. ಈ ವಿವರ 1982ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 1823ರಲ್ಲಿ ಶುರುವಾದ, ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರು ಒಂದು ಲೇಖನಕ್ಕಾಗಿ ಕಾಯುವ ಪತ್ರಿಕೆ ಅದು.

ಬಿಗಿದ ಪೈಪು, ಸೋತ ಮೋಟಾರು

ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಲು ನಾನು ಬಾವಿಯ ಮೋಟಾರಿನ ಉದಾಹರಣೆ ಕೊಡುತ್ತೇನೆ. ಚೇಳಿನ ವಿಷ ನರಗಳ ಒಂದು ಬಾಗಿಲನ್ನು ಮುಚ್ಚಗೊಡದೆ ಹಿಡಿದಿಡುತ್ತದೆ. ಆಗ ಅಡ್ರಿನಲಿನ್‌ನಂತಹ ರಾಸಾಯನಿಕಗಳು ಒಮ್ಮೆಲೇ ರಕ್ತಕ್ಕೆ ನುಗ್ಗುತ್ತವೆ. ರಕ್ತನಾಳಗಳೆಲ್ಲ ಹಿಂಡಿದಂತೆ ಬಿಗಿಯುತ್ತವೆ. ಅದಕ್ಕೇ ಕೈಕಾಲು ತಣ್ಣಗಾಗುವುದು. ಹೊಲಕ್ಕೆ ನೀರು ಹೋಗುವ ಪೈಪನ್ನು ಯಾರೋ ತುಳಿದು ನಿಂತಿದ್ದಾರೆ, ಮೋಟಾರು ಮಾತ್ರ ಜೋರಾಗಿ ಓಡುತ್ತಲೇ ಇದೆ ಎಂದುಕೊಳ್ಳಿ. ಸ್ವಲ್ಪ ಹೊತ್ತಿಗೆ ಮೋಟಾರೇ ಬಿಸಿಯಾಗಿ ನಿಲ್ಲುತ್ತದೆ. ಹೃದಯ ಸೋಲುವುದು ಹಾಗೆ. ಮುಂದೆ ಹೋಗಲಾರದ ರಕ್ತ ಹಿಂದಕ್ಕೆ ಒತ್ತಿ ಶ್ವಾಸಕೋಶದಲ್ಲಿ ನೀರಾಗಿ ಸೋರುತ್ತದೆ.

ಹಾಗಾದರೆ ಮಾಡಬೇಕಾದ್ದು ಮೋಟಾರಿಗೆ ಇನ್ನಷ್ಟು ಕರೆಂಟು ಕೊಡುವುದಲ್ಲ, ಪೈಪಿನ ಮೇಲಿನ ಕಾಲು ತೆಗೆಯುವುದು. ಈ ನಡುವೆ ಬಾವಸ್ಕರ್ ಪುಣೆಯ ಬಿ.ಜೆ. ವೈದ್ಯಕೀಯ ಕಾಲೇಜಿನಲ್ಲಿ ಮೆಡಿಸಿನ್ ಎಂ.ಡಿ. ಮಾಡಿದ್ದರು. ಪದವಿ ಕೈಗೆ ಬಂದ ಮೇಲೆ ಪುಣೆಯಲ್ಲೇ ಉಳಿಯಬಹುದಿತ್ತು. ಅವರು ಮಹಾಡ್ ಭಾಗಕ್ಕೇ ವಾಪಸಾದರು. ಚೇಳು ಕುಟುಕಿಸಿಕೊಂಡವರು ಬರುವುದು ಅಲ್ಲಿಗಲ್ಲವೇ?

ರಕ್ತನಾಳ ಸಡಿಲಿಸಲು ಮೊದಲು ಬಳಸಿದ್ದು ಸೋಡಿಯಂ ನೈಟ್ರೊಪ್ರುಸೈಡ್. ಕೆಲಸ ಮಾಡುತ್ತಿತ್ತು. ಆದರೆ ಅದನ್ನು ಡ್ರಿಪ್‌ನಲ್ಲಿ ಹನಿಹನಿಯಾಗಿ ಬಿಡಬೇಕು, ನಿಮಿಷ ನಿಮಿಷಕ್ಕೆ ಬಿ.ಪಿ. ನೋಡಬೇಕು. ಒಬ್ಬ ಡಾಕ್ಟರು, ಒಬ್ಬ ನರ್ಸ್ ಇರುವ ಹಳ್ಳಿ ಆಸ್ಪತ್ರೆಯಲ್ಲಿ ಇದು ನಡೆಯುವ ಮಾತಲ್ಲ. ಆಗ ಅವರ ಕಣ್ಣು ಬಿದ್ದದ್ದು ಪ್ರಜೋಸಿನ್ ಎಂಬ ಮಾತ್ರೆಯ ಮೇಲೆ. ರಕ್ತದೊತ್ತಡಕ್ಕೆಂದು ಆಗಲೇ ಅಂಗಡಿಯಲ್ಲಿ ಸಿಗುತ್ತಿದ್ದ ಔಷಧ. ರಕ್ತನಾಳಗಳನ್ನು ಬಿಗಿಯುವ ಸಂದೇಶ ತಲುಪುವ ಜಾಗವನ್ನೇ ಅದು ಮುಚ್ಚಿಬಿಡುತ್ತದೆ. ಬಾಯಲ್ಲಿ ಕೊಡಬಹುದು, ಬೆಲೆ ಕಡಿಮೆ, ಫ್ರಿಜ್ ಬೇಡ. ಪತ್ನಿ ಡಾ. ಪ್ರಮೋದಿನಿ ಬಾವಸ್ಕರ್ ಅವರೊಂದಿಗೆ ಬರೆದ ಪ್ರಜೋಸಿನ್ ಚಿಕಿತ್ಸೆಯ ವರದಿ 1986ರಲ್ಲಿ ಅದೇ ‘ಲ್ಯಾನ್ಸೆಟ್’ನಲ್ಲಿ ಬಂತು.

ಪ್ರಜೋಸಿನ್ ಬರುವ ಮುನ್ನ ತೀವ್ರವಾಗಿ ವಿಷವೇರಿದವರಲ್ಲಿ ನೂರಕ್ಕೆ 40ರಷ್ಟು ಮಂದಿ ಸಾಯುತ್ತಿದ್ದರು. ಅದು ಬಂದ ಮೇಲೆ ಸಾವಿನ ಪ್ರಮಾಣ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು ಎಂಬುದು ಅವರ ದಾಖಲೆ. ಈ ಅಂಕಿಗಳನ್ನು ವಾರ್ಡಿನ ಲೆಕ್ಕದಲ್ಲಿ ಹೇಳಿದರೆ ಹೀಗೆ: ಹತ್ತು ಮಕ್ಕಳು ಬಂದರೆ ನಾಲ್ಕು ತಾಯಂದಿರು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ ಕಡೆ, ಹತ್ತೂ ಮಕ್ಕಳು ನಡೆದುಕೊಂಡು ಹೋಗುವಂತಾಯಿತು.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ ಎನ್ನುವುದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಕೆಂಪು ಚೇಳಿನ ವಿಷಕ್ಕೆ ಪ್ರತಿವಿಷ ಬಂದಾಗ, ‘ನನ್ನ ಮಾತ್ರೆಯೇ ಸಾಕು’ ಎಂದು ಕೂರಬಹುದಿತ್ತು. ಬಾವಸ್ಕರ್ ದಂಪತಿ 70 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರಜೋಸಿನ್ ಮಾತ್ರ, ಇನ್ನೊಂದಕ್ಕೆ ಪ್ರಜೋಸಿನ್ ಜೊತೆ ಪ್ರತಿವಿಷ ಕೊಟ್ಟು ಹೋಲಿಸಿದರು. 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡೂ ಪಡೆದವರಲ್ಲಿ ಶೇ 91.4ರಷ್ಟು ಮಂದಿ ಹತ್ತು ಗಂಟೆಯೊಳಗೆ ಪೂರ್ತಿ ಚೇತರಿಸಿಕೊಂಡರು. ಪ್ರಜೋಸಿನ್ ಮಾತ್ರ ಪಡೆದವರಲ್ಲಿ ಅದು ಶೇ 22.9. ತಾವೇ ಕಂಡುಹಿಡಿದ ಚಿಕಿತ್ಸೆಗಿಂತ ಉತ್ತಮವಾದದ್ದು ಇದೆ ಎಂದು ತಾವೇ ಸಾಬೀತು ಮಾಡಿ ತೋರಿಸಿದ ಅಪರೂಪದ ಮಾತು ಇದು.

ಪಾದ ಮುಟ್ಟಿ ನೋಡುವ ವಿದ್ಯೆ

ಈಗ ಈ ಪಾಠ ನಮ್ಮ ವಾರ್ಡಿಗೆ ಹೇಗೆ ಬಂತು ಎಂದು ಹೇಳುತ್ತೇನೆ. ಪ್ರಜೋಸಿನ್ ಅನ್ನು ಪ್ರತಿ ಕಿಲೊ ತೂಕಕ್ಕೆ 30 ಮೈಕ್ರೊಗ್ರಾಂ ಲೆಕ್ಕದಲ್ಲಿ, ಮೂರು ಗಂಟೆಗೊಮ್ಮೆ ಕೊಡುವ ರೂಢಿ. ಎಲ್ಲಿಯವರೆಗೆ? ಕೈಕಾಲು ಬೆಚ್ಚಗಾಗುವವರೆಗೆ. ಮಾತ್ರೆ ನಿಲ್ಲಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು ಯಾವುದೋ ಯಂತ್ರದ ಅಂಕಿಯಲ್ಲ, ಮಗುವಿನ ಪಾದ ಮುಟ್ಟಿದ ವೈದ್ಯನ ಅಂಗೈ. ಇನ್ನೊಂದು ಎಚ್ಚರವೂ ಇದೆ. ಈ ಮಾತ್ರೆ ಕೊಟ್ಟ ಮೇಲೆ ಮಗುವನ್ನು ಎತ್ತಿಕೊಂಡು ಓಡಾಡಬಾರದು, ಮಲಗಿಸಿಯೇ ಇಡಬೇಕು. ಎತ್ತಿದರೆ ಬಿ.ಪಿ. ಥಟ್ಟನೆ ಕುಸಿಯಬಹುದು. ಅಳುವ ಮಗುವನ್ನು ಎತ್ತಿಕೊಳ್ಳಬೇಡಿ ಎಂದು ತಾಯಿಗೆ ಹೇಳಿ ಒಪ್ಪಿಸುವುದೂ ಚಿಕಿತ್ಸೆಯ ಭಾಗವೇ.

ಹೊರಗಿನಿಂದ ಬಂದ ನನ್ನಂಥವನಿಗೆ ಈ ಒಪ್ಪಿಸುವ ಕೆಲಸವೇ ಕಷ್ಟದ್ದು. ಬಂದ ಹೊಸದರಲ್ಲಿ ಪುಸ್ತಕದ ಮರಾಠಿ ಕಲಿತಿದ್ದೆ. ವಾರ್ಡಿನ ಮರಾಠಿ ಬೇರೆ. ‘ಹಾತ್-ಪಾಯ್ ಗಾರ್ ಪಡಲೆ’ ಎಂದು ಅಜ್ಜಿಯೊಬ್ಬಳು ಹೇಳಿದರೆ, ಅದರಲ್ಲಿ ಚೇಳಿನ ವಿಷದ ಇಡೀ ರೋಗಶಾಸ್ತ್ರವಿದೆ. ನಮ್ಮ ಕಡೆ ‘ಕೈಕಾಲು ತಣ್ಣಗಾಗ್ಯಾವ’ ಎನ್ನುವುದೂ ಅದೇ. ‘ಘಾಮ್’ ಎಂದರೆ ಬೆವರು, ‘ದಮ್ ಲಾಗತೊ’ ಎಂದರೆ ಏದುಸಿರು. ಈ ಮೂರು ಮಾತು ಒಟ್ಟಿಗೆ ಕೇಳಿಸಿದರೆ ಓಡಬೇಕು. ರೋಗಿಯ ಮಾತು ಅರ್ಥವಾಗದವನು ಎಷ್ಟು ಪರೀಕ್ಷೆ ಬರೆಸಿದರೂ ಅರ್ಧ ವೈದ್ಯನೇ. ನೀಟ್ ಮೂಲಕ ಬೇರೆ ಬೇರೆ ರಾಜ್ಯಗಳಿಂದ ಬರುವ ಎಂ.ಡಿ. ವಿದ್ಯಾರ್ಥಿಗಳಿಗೆ ನಾನು ಮೊದಲ ವಾರ ಕೊಡುವ ಮನೆಗೆಲಸ ಔಷಧಗಳದ್ದಲ್ಲ, ಇಲ್ಲಿನ ಜನ ನೋವಿಗೆ ಬಳಸುವ ಹತ್ತು ಶಬ್ದಗಳದ್ದು.

ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಪರೀಕ್ಷಕನಾಗಿ ಕೂತಾಗಲೂ ಈ ಪ್ರಶ್ನೆಯನ್ನು ಕೇಳುವುದು ನನಗಿಷ್ಟ. ‘ಕೆಂಪು ಚೇಳು ಕುಟುಕಿದ ಆರು ವರ್ಷದ ಮಗು ಬಂದಿದೆ. ಮೊದಲು ಏನು ನೋಡುತ್ತೀರಿ?’ ಜಾಣ ವಿದ್ಯಾರ್ಥಿಗಳು ಇಸಿಜಿ, ಎಕೊ, ರಕ್ತ ಪರೀಕ್ಷೆ ಎಂದು ಪಟ್ಟಿ ಹೇಳುತ್ತಾರೆ. ಅದೂ ಬೇಕು. ಆದರೆ ನಾಸಿಕ್ ಜಿಲ್ಲೆಯ ಸುರಗಾಣಾ, ಪೇಠ್‌ನಂತಹ ಆದಿವಾಸಿ ತಾಲ್ಲೂಕುಗಳಲ್ಲಿ ನಾಳೆ ಅವರಿಗೆ ಕೆಲಸ ಸಿಕ್ಕರೆ? ಆಗ ಎಕೊ ಯಂತ್ರ ಎಲ್ಲಿರುತ್ತದೆ? ಹಳ್ಳಿಯಲ್ಲಿ ಇಂಟರ್ನ್‌ಶಿಪ್ ಮಾಡಿ ಬಂದವರು ಮಾತ್ರ ಸ್ವಲ್ಪ ಸಂಕೋಚದಿಂದ, ‘ಸರ್, ಕಾಲು ಮುಟ್ಟಿ ನೋಡುತ್ತೇನೆ’ ಎನ್ನುತ್ತಾರೆ. ಅವರಿಗೆ ಪೂರ್ಣ ಅಂಕ.

ಪೈಠಣದ ಚೇಳು, ಕಂದಕೂರಿನ ಚೇಳು

ಈ ನೆಲಕ್ಕೂ ಚೇಳಿಗೂ ನಂಟು ಹಳೆಯದು. ನಮ್ಮ ಜಿಲ್ಲೆಯ ಪೈಠಣದ ಸಂತ ಏಕನಾಥರು ಹದಿನಾರನೆಯ ಶತಮಾನದಲ್ಲೇ ಚೇಳು ಕುಟುಕಿದ ಬಗ್ಗೆ ಒಂದು ಭಾರೂಡ್ ಕಟ್ಟಿದರು. ಕಾಮಕ್ರೋಧಗಳನ್ನೇ ಅವರು ಚೇಳೆಂದರು. ಇಂದಿಗೂ ಹಳ್ಳಿಯ ಕೀರ್ತನೆಗಳಲ್ಲಿ ಜನ ಅದನ್ನು ಕುಣಿದು ಹಾಡುತ್ತಾರೆ. ನೋವಿನಿಂದ ಒದ್ದಾಡುವ ಅಭಿನಯ ಕಂಡು ನಗುತ್ತಾರೆ. ಕೀರ್ತನೆ ಮುಗಿಸಿ ಕತ್ತಲಲ್ಲಿ ಮನೆಗೆ ಹೋಗುವಾಗ ನಿಜವಾದ ಚೇಳು ಕುಟುಕಿದರೆ ನಗು ನಿಲ್ಲುತ್ತದೆ.

ನಮ್ಮ ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯ ದಿನ ಜನ ಕೊಂಡಮಾಯಿ ಬೆಟ್ಟ ಹತ್ತಿ ಕಲ್ಲೆತ್ತಿ ಚೇಳು ಹಿಡಿದು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಅಂದು ಅದು ಕುಟುಕುವುದಿಲ್ಲ ಎಂಬುದು ನಂಬಿಕೆ. ನಂಬಿಕೆ ಅವರದು, ಅದನ್ನು ಆಡಿಕೊಳ್ಳುವವನು ನಾನಲ್ಲ. ಉಳಿದ 364 ದಿನಗಳ ಬಗ್ಗೆ ಮಾತ್ರ ವೈದ್ಯನಾಗಿ ಹೇಳಲೇಬೇಕು.

ಊರಲ್ಲಿ ವಯಸ್ಸಾದ ತಂದೆತಾಯಿ, ಹೊಲದಲ್ಲಿ ದುಡಿಯುವ ಅಣ್ಣತಮ್ಮಂದಿರು ಇರುವ ಓದುಗರು ಫೋನು ಮಾಡಿದಾಗ ಈ ನಾಲ್ಕು ಮಾತು ತಿಳಿಸಿ. ಕುಟುಕಿದ ಜಾಗ ಕೊಯ್ಯುವುದು, ಹಗ್ಗ ಬಿಗಿಯುವುದು ಬೇಡ. ಮಂತ್ರ ಹಾಕಿಸಲು, ಸೊಪ್ಪು ಅರೆಯಲು ಹೊತ್ತು ಕಳೆಯುವುದು ಬೇಡ. ನೋವು ಕಡಿಮೆ ಇದೆ ಎಂದರೆ ಅಪಾಯ ಇಲ್ಲ ಎಂದಲ್ಲ. ವಾಂತಿ, ವಿಪರೀತ ಬೆವರು, ತಣ್ಣಗಾದ ಕೈಕಾಲು, ಉಸಿರಾಟದ ತೊಂದರೆ ಇವುಗಳಲ್ಲಿ ಒಂದು ಕಂಡರೂ, ಮಕ್ಕಳಾದರೆ ಏನೂ ಕಾಣದಿದ್ದರೂ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಪ್ರಜೋಸಿನ್ ಮನೆಯಲ್ಲಿ ತಾವಾಗಿಯೇ ನುಂಗುವ ಮಾತ್ರೆಯಲ್ಲ, ವೈದ್ಯರ ಕಣ್ಣೆದುರೇ ಕೊಡಬೇಕಾದ್ದು. ರಾತ್ರಿ ಚಪ್ಪಲಿ ಕೊಡವಿ ಹಾಕಿಕೊಳ್ಳುವ, ಬ್ಯಾಟರಿ ಹಿಡಿದು ನಡೆಯುವ ಅಭ್ಯಾಸ ಇದ್ದರೆ ಅರ್ಧ ಕಷ್ಟ ತಪ್ಪಿತು.

1,200 ರೂಪಾಯಿಯ ಚೆಕ್

ಬಾವಸ್ಕರ್ ಹೆಸರು ಚೇಳಿನ ಆಚೆಗೂ ಕೇಳಿಬಂದದ್ದು 2013ರಲ್ಲಿ. ಸ್ಕ್ಯಾನಿಂಗ್‌ಗೆ ರೋಗಿಯನ್ನು ಕಳುಹಿಸಿದ್ದಕ್ಕೆ ‘ವೃತ್ತಿ ಶುಲ್ಕ’ ಎಂದು ಒಂದು ರೋಗಪತ್ತೆ ಕೇಂದ್ರದಿಂದ ಅವರಿಗೆ 1,200 ರೂಪಾಯಿಯ ಚೆಕ್ ಬಂತು. ಅವರು ಅದನ್ನು ಹಿಂದಿರುಗಿಸಿ ಮಹಾರಾಷ್ಟ್ರ ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟರು. ರೋಗಿಯ ಹಣ ರೋಗಿಗೇ ಸೇರಬೇಕು ಎಂಬುದು ಅವರ ನಿಲುವು. ‘ಕಟ್’ ಎಂದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿದ್ದ, ಆದರೆ ಕಳ್ಳನಿಗೆ ಚೇಳು ಕುಟುಕಿದಂತೆ ಯಾರೂ ಬಾಯಿಬಿಡದಿದ್ದ ಸಂಗತಿ ದೇಶದ ಪತ್ರಿಕೆಗಳಲ್ಲಿ ಚರ್ಚೆಯಾಯಿತು.

ಅನಗತ್ಯ ಪರೀಕ್ಷೆ ಬರೆಯಬೇಡಿ ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಹೊರಗೆ ಹೋದ ವಿದ್ಯಾರ್ಥಿಗೆ ಮೊದಲ ವರ್ಷವೇ ಇಂಥ ಲಕೋಟೆ ಕೈಗೆ ಬರುತ್ತದೆ. ಬಾಡಿಗೆ, ಸಾಲ, ಮಕ್ಕಳ ಶಾಲೆ ಎಲ್ಲವೂ ಎದುರಿಗಿರುವಾಗ ಅದನ್ನು ಹಿಂದಿರುಗಿಸುವುದು ಸುಲಭವಲ್ಲ. ಹಿಂದಿರುಗಿಸಿದವರೊಬ್ಬರು ಇದ್ದಾರೆ ಎಂದು ಹೆಸರು ಹೇಳಿ ತೋರಿಸಬಹುದಾದರೆ ಪಾಠಕ್ಕೆ ತೂಕ ಬರುತ್ತದೆ. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ವಿಭಾಗದಲ್ಲಿ ಸಿಹಿ ಹಂಚಿದೆವು. ನಮ್ಮವರಲ್ಲಿ ಬಹಳ ಜನ ಅವರನ್ನು ಕಣ್ಣಾರೆ ಕಂಡವರಲ್ಲ.

ಪ್ರಾಧ್ಯಾಪಕ ಯಾರು?

ಹೊರನಾಡಿನಲ್ಲಿ ವೃತ್ತಿ ಮಾಡುವ ನಮ್ಮೆಲ್ಲರಿಗೂ ಒಂದು ಕೊರಗು ಇದ್ದೇ ಇರುತ್ತದೆ. ನಮಗಿಂತ ಒಳ್ಳೆಯ ಊರು, ಒಳ್ಳೆಯ ಸಂಸ್ಥೆ, ಒಳ್ಳೆಯ ಸಲಕರಣೆ ಬೇರೆಲ್ಲೋ ಇದೆ, ಅಲ್ಲಿಗೆ ಹೋದ ಮೇಲೆ ನಿಜವಾದ ಕೆಲಸ ಮಾಡೋಣ ಎಂದುಕೊಳ್ಳುತ್ತೇವೆ. ನನಗೂ ಹಾಗನ್ನಿಸಿದ್ದುಂಟು. ಮುಂಬೈ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಜಾಹೀರಾತು ನೋಡಿ ಅರ್ಜಿ ತುಂಬಿದ್ದೂ ಉಂಟು.

ಬಾವಸ್ಕರ್ ಕಥೆಯಲ್ಲಿ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ಕೆಂಪು ಚೇಳಿನ ರೋಗಿ ಲಂಡನ್ನಿನಲ್ಲಿ ಇರಲಿಲ್ಲ, ಮುಂಬೈನ ದೊಡ್ಡ ಆಸ್ಪತ್ರೆಯವರೆಗೆ ಬದುಕಿ ಬರುತ್ತಿರಲಿಲ್ಲ. ಇದ್ದದ್ದು ಬಿರವಾಡಿಯ ಮಂಚದ ಮೇಲೆ. ಹಾಗಾಗಿ ಆ ಕಾಯಿಲೆಯ ಪ್ರಾಧ್ಯಾಪಕ ಆಗಬಹುದಾಗಿದ್ದವನು ಬಿರವಾಡಿಯ ವೈದ್ಯ ಒಬ್ಬನೇ. ಅವನು ಬೇಸರಪಟ್ಟು ವರ್ಗಾವಣೆಗೆ ಅರ್ಜಿ ಬರೆದಿದ್ದರೆ ಆ ಪೀಠ ಖಾಲಿಯೇ ಉಳಿಯುತ್ತಿತ್ತು.

ಅಂಥ ಪೀಠಗಳು ಇನ್ನೂ ಎಷ್ಟೋ ಇವೆ. ಮರಾಠವಾಡಾದಲ್ಲಿ ಕೀಟನಾಶಕ ಕುಡಿದು ಬರುವ ರೈತರಿದ್ದಾರೆ. ಸುಡುಬಿಸಿಲಿನಲ್ಲಿ ದುಡಿದು ಮೂತ್ರಪಿಂಡ ಕೆಡಿಸಿಕೊಳ್ಳುವ ಕೂಲಿಗಳಿದ್ದಾರೆ. ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಬೀಡ್ ಜಿಲ್ಲೆಯಿಂದ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಗೂ ಹೋಗುವ ಕುಟುಂಬಗಳಿವೆ. ರಾತ್ರಿ ಗುಡಿಸಲಲ್ಲಿ ಮಲಗಿದಾಗ ಅವರನ್ನು ಹಾವು, ಚೇಳು ಕಚ್ಚುತ್ತವೆ. ಅವರ ಕಾಯಿಲೆಗಳನ್ನು ಗಂಟೆ ಗಂಟೆಗೆ ಬರೆದಿಡಲು ಯಂತ್ರಕ್ಕಿಂತ ಮೊದಲು ಒಬ್ಬ ಮನುಷ್ಯ ಬೇಕು.

ನಮ್ಮ ವಾರ್ಡಿನಲ್ಲಿ ಈಗ ಒಂದು ಪದ್ಧತಿ ಇಟ್ಟಿದ್ದೇನೆ. ಚೇಳಿನ ರೋಗಿ ಬಂದರೆ ಕೇಸ್ ಪೇಪರಿನ ಅಂಚಿನಲ್ಲಿ ಒಂದು ಸಣ್ಣ ಕಾಲಂ ಎಳೆಯಬೇಕು. ರಾತ್ರಿ ಡ್ಯೂಟಿಯ ವಿದ್ಯಾರ್ಥಿ ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಮಗುವಿನ ಪಾದ ಮುಟ್ಟಿ, ಸಮಯ ಹಾಕಿ, ಒಂದೇ ಶಬ್ದ ಬರೆಯಬೇಕು: ತಣ್ಣಗೆ ಅಥವಾ ಬೆಚ್ಚಗೆ. ಕೆಲವರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಕೆಲವರು ಮರಾಠಿಯಲ್ಲಿ ‘ಗಾರ್’, ‘ಗರಮ್’ ಎಂದು. ಕಲಬುರಗಿಯಿಂದ ಬಂದ ಒಬ್ಬ ಹುಡುಗ ನಿದ್ದೆಗಣ್ಣಿನಲ್ಲಿ ಕನ್ನಡದಲ್ಲೇ ಬರೆದಿಟ್ಟಿದ್ದ. ಬೆಳಗಿನ ರೌಂಡ್ಸ್‌ನಲ್ಲಿ ನಾನು ಮೊದಲು ಓದುವುದು ಆ ಕಾಲಂ. ಒಂದರ ಕೆಳಗೊಂದು ‘ತಣ್ಣಗೆ’ಗಳ ಸಾಲು ಮುಗಿದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮೊದಲ ‘ಬೆಚ್ಚಗೆ’ ಕಾಣಿಸಿದರೆ, ಮುಂದಿನ ಪುಟ ತಿರುವುವ ಮೊದಲೇ ಗೊತ್ತಾಗುತ್ತದೆ, ಮಗು ಮನೆಗೆ ಹೋಗುತ್ತದೆ ಎಂದು.